ಸಮ–ಬೆಸ: ವಿನಾಯಿತಿ ಪಟ್ಟಿಯನ್ನು ಓದಿದವರಾರು?

ನೋಂದಣಿ ಸಂಖ್ಯೆ ಸಮವೋ ಬೆಸವೋ ಎಂದು ನೋಡಿ ದಿನ ಬಿಟ್ಟು ದಿನ ಕಾರುಗಳನ್ನು ರಸ್ತೆಗೆ ಬಿಡುತ್ತಿದ್ದ ದೆಹಲಿಯ ಸಮ–ಬೆಸ ಯೋಜನೆಗೆ ಅದರ ಯೋಗ್ಯತೆಗೆ ಮೀರಿದ ಹೆಸರಿದೆ. ಕೆಟ್ಟ ಗಾಳಿಗೆ ಹೆದರಿ ಒಂದು ನಗರ ಕಾರು ಬಿಟ್ಟು ಬಸ್ಸು, ಮೆಟ್ರೊ ಹತ್ತಿತು ಎಂದು ಬೆಂಗಳೂರಿನಲ್ಲೂ ಅದನ್ನು ಮಾದರಿಯಾಗಿ ಹೇಳುವವರಿದ್ದಾರೆ. 2016ರ ಜನವರಿಯ ಮೊದಲ ಹದಿನೈದು ದಿನ ರಸ್ತೆಗಳು ತೆರವಾಗಿದ್ದು ನಿಜ. ಆ ದಿನಗಳಲ್ಲಿ ಶಾಲೆಗಳಿಗೆ ರಜೆ ಕೊಟ್ಟು, ಶಾಲಾ ಬಸ್ಸುಗಳನ್ನೂ ಸಾರ್ವಜನಿಕರ ಓಡಾಟಕ್ಕೆ ಇಳಿಸಿದ್ದರು ಎಂಬುದು ಮಾತ್ರ ಹೊಗಳಿಕೆಯಲ್ಲಿ ಬರುವುದಿಲ್ಲ. ಏಪ್ರಿಲ್‌ನ ಎರಡನೇ ಸುತ್ತಿನಲ್ಲಿ ಶಾಲೆಗಳು ತೆರೆದಿದ್ದವು. ಆ ತೆರವು ಮತ್ತೆ ಕಾಣಲಿಲ್ಲ.

ಯೋಜನೆಯ ತಿರುಳಿರುವುದು ವಿನಾಯಿತಿ ಪಟ್ಟಿಯಲ್ಲಿ. ದ್ವಿಚಕ್ರ ವಾಹನಗಳಿಗೆ ವಿನಾಯಿತಿ. ಒಬ್ಬರೇ ಕಾರು ಓಡಿಸುವ ಹೆಂಗಸರಿಗೆ ವಿನಾಯಿತಿ. ಗಣ್ಯರ ಮಾತು ಬಿಡಿ, ಅವರು ಯಾವ ಪಟ್ಟಿಯಲ್ಲಿಲ್ಲ? ಆದರೆ ಮೊದಲ ಎರಡು ವಿನಾಯಿತಿಗಳು ಸರ್ಕಾರ ತಾನೇ ಬರೆದುಕೊಟ್ಟ ತಪ್ಪೊಪ್ಪಿಗೆ. ಸ್ಕೂಟರ್ ನಿಲ್ಲಿಸಿದರೆ ಅಷ್ಟು ಜನರನ್ನು ಹೊರುವ ಬಸ್ಸುಗಳಿಲ್ಲ. ಇರುವ ಬಸ್ಸಿನಲ್ಲಿ, ನಿಲ್ದಾಣದಲ್ಲಿ ಹೆಂಗಸರಿಗೆ ಭದ್ರತೆಯಿಲ್ಲ. ಅದೇ 2016ರಲ್ಲಿ ಹೊರಬಂದ ಐಐಟಿ ಕಾನ್ಪುರದ ವರದಿಯ ಲೆಕ್ಕದಲ್ಲಿ, ದೆಹಲಿಯ ವಾಹನಗಳು ಉಗುಳುವ ಪಿಎಂ 2.5 ಎಂಬ ಸೂಕ್ಷ್ಮ ಕಣಗಳಲ್ಲಿ ದ್ವಿಚಕ್ರಗಳ ಪಾಲು ಸುಮಾರು ಮೂರನೇ ಒಂದು, ಕಾರುಗಳದು ಹತ್ತನೇ ಒಂದರಷ್ಟು. ಹೆಚ್ಚು ಉಗುಳುವುದನ್ನು ಬಿಟ್ಟು ಕಡಿಮೆ ಉಗುಳುವುದನ್ನು ತಡೆಯಲು ಕಾರಣ ಅಜ್ಞಾನವಲ್ಲ, ಬೇರೆ ದಾರಿ ಇರಲಿಲ್ಲ. 2017ರ ನವೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ವಿನಾಯಿತಿಗಳನ್ನು ಒಪ್ಪದಿದ್ದಾಗ ಸರ್ಕಾರ ಆಗ ತರಹೊರಟಿದ್ದ ಸುತ್ತನ್ನೇ ಕೈಬಿಟ್ಟಿತು. ವಿನಾಯಿತಿ ತೆಗೆದರೆ ನಿಲ್ಲಲಾರದ ಯೋಜನೆ ಜನರ ಆಯ್ಕೆಯನ್ನು ಬದಲಿಸಿತು ಎನ್ನುವುದು ಹೇಗೆ?

ಈ ಯೋಜನೆಯನ್ನು ಟೀಕಿಸಿದ ಅರ್ಥಶಾಸ್ತ್ರಜ್ಞರ ಜೊತೆಗೂ ನನಗೆ ಜಗಳವಿದೆ. ಅವರ ಬತ್ತಳಿಕೆಯಲ್ಲಿ ಸದಾ ಮೆಕ್ಸಿಕೊ ಸಿಟಿ. 1989ರಲ್ಲಿ ಅಲ್ಲಿ ವಾರಕ್ಕೊಂದು ದಿನ ಕಾರು ನಿಲ್ಲಿಸುವ ನಿಯಮ ಬಂತು. ಗಾಳಿ ಸುಧಾರಿಸಲಿಲ್ಲ, ಜನ ಬಸ್ಸು ಹತ್ತಲಿಲ್ಲ, ಇನ್ನಷ್ಟು ಕಾರು ಕೊಂಡರು ಎಂದು ಅರ್ಥಶಾಸ್ತ್ರಜ್ಞ ಲೂಕಸ್ ಡೇವಿಸ್ 2008ರಲ್ಲಿ ತೋರಿಸಿದರು. ಅಧ್ಯಯನ ಗಟ್ಟಿಯಾದದ್ದೇ. ಆದರೆ ಹದಿನೈದು ದಿನದ ನಿಯಮಕ್ಕಾಗಿ ದೆಹಲಿಯಲ್ಲಿ ಯಾರು ಎರಡನೇ ಕಾರು ಕೊಳ್ಳುತ್ತಾರೆ? ಇನ್ನೊಂದು ಕಾರು ಕೊಂಡು ನಿಯಮ ತಪ್ಪಿಸುವ ಜನರ ಜಾಣತನವನ್ನು ದೂರುವ ಈ ವಾದ, ಜಾಣತನ ತೋರಿಸಲೂ ಕಾಸಿಲ್ಲದವರನ್ನು ನೋಡುವುದೇ ಇಲ್ಲ. ಉಳಿದ ಟೀಕಾಕಾರರು ಗಾಳಿಯಲ್ಲಿನ ಕಣಗಳ ಮೈಕ್ರೊಗ್ರಾಂ ಎಣಿಸುವುದರಲ್ಲೇ ಮುಗಿಸಿದರು. ಇವರೆಲ್ಲ ಕಾಣದ್ದು ಒಂದಿದೆ. ಗಾಳಿ ಕೆಟ್ಟಷ್ಟೂ ಕಿಟಕಿ ಮುಚ್ಚಿದ ಎಸಿ ಕಾರೇ ಸುರಕ್ಷಿತವೆಂದು ಉಳ್ಳವರಿಗೆ ಅನ್ನಿಸುತ್ತದೆ, ನಡೆದು ಹೋಗುತ್ತಿದ್ದ ಮಗುವನ್ನೂ ಅವರು ಕಾರಿನಲ್ಲೇ ಬಿಟ್ಟುಬರುತ್ತಾರೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಸ್ಕೂಟರ್ ಸವಾರನಿಗೆ, ಬಸ್ಸಿಗೆ ಕಾಯುವವಳಿಗೆ ಆ ಆಯ್ಕೆಯಿಲ್ಲ. ಮಾಲಿನ್ಯವೇ ಜನರನ್ನು ಕಾರಿನ ಕಡೆಗೆ ತಳ್ಳುವ ಈ ಸುಳಿಯನ್ನು ಯೋಜನೆಯೂ ಮುಟ್ಟಲಿಲ್ಲ, ಟೀಕೆಯೂ ಮುಟ್ಟಲಿಲ್ಲ.

2019ರ ಅಕ್ಟೋಬರ್ 29ರಂದು ದೆಹಲಿಯ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಗುಲಾಬಿ ಟಿಕೆಟ್ ಬಂತು. ನವೆಂಬರ್ 4ಕ್ಕೆ ಸಮ–ಬೆಸದ ಮೂರನೇ ಸುತ್ತು. ಚರ್ಚೆಯೆಲ್ಲ ಸಮ–ಬೆಸದ ಕುರಿತೇ ನಡೆಯಿತು, ಟಿಕೆಟ್ಟನ್ನು ಬಿಟ್ಟಿ ಭಾಗ್ಯವೆಂದು ಜರೆದರು. ನನ್ನ ಮಟ್ಟಿಗೆ, ಕಾರು ತಡೆಯುವ ಬದಲು ಬಸ್ಸಿಗೆ ಕರೆಯುವ, ಗಾಳಿಯ ಹೆಸರೆತ್ತದ ಆ ಟಿಕೆಟ್ಟೇ ಹೆಚ್ಚು ಗಂಭೀರವಾದ ಸಾರಿಗೆ ನೀತಿ. ನೋಂದಾಯಿತ ವಾಹನಗಳಲ್ಲಿ ಮೂರನೇ ಎರಡರಷ್ಟು ದ್ವಿಚಕ್ರಗಳೇ ಇರುವ ಬೆಂಗಳೂರಿಗೆ ಸಮ–ಬೆಸ ತರಬೇಕೆನ್ನುವವರು, ಆ ಸವಾರರನ್ನು ಯಾವ ಬಸ್ಸಿಗೆ ಹತ್ತಿಸುತ್ತೀರಿ ಎಂಬುದನ್ನು ಮೊದಲು ಹೇಳಲಿ.