ಎಳೆ ಸುಟ್ಟು ನೋಡಿದ ಗಿರಾಕಿ

ಸೆರಗಿನ ತುದಿಯಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿದರೆ ಸೀರೆಯ ಬಂಡವಾಳ ಬಯಲಾಗುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಿಗೆ ಪುಡಿಯಾಗುವ ಬೂದಿ. ಚಮಕ ಎಂಬ ಕೃತಕ ರೇಷ್ಮೆಯಾದರೆ ಕಾಗದ ಉರಿದಂತೆ ಉರಿಯುತ್ತದೆ. ನೇಕಾರರ ಊರಾದ ರಬಕವಿ-ಬನಹಟ್ಟಿಯಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ರೇಷ್ಮೆ ಎಂದು ಬಿಲ್ಲಿನಲ್ಲಿ ಬರೆಸಿಕೊಂಡ ಗಿರಾಕಿಯೊಬ್ಬಳು ಹೀಗೆ ಸುಟ್ಟು ನೋಡಿ, ಕಂಡದ್ದನ್ನು ಗೂಗಲ್‌ನಲ್ಲಿ ಅಂಗಡಿಯ ಹೆಸರಿನ ಕೆಳಗೆ ಬರೆದಳು ಎಂದಿಟ್ಟುಕೊಳ್ಳಿ. ವಾರದೊಳಗೆ ವಕೀಲರ ನೋಟಿಸ್ ಬಂತು. ಕಾನೂನು ಆಕೆಯ ಬೆನ್ನಿಗೆ ನಿಲ್ಲುತ್ತದೆಯೇ? ನಿಲ್ಲುತ್ತದೆ, ತಡವಾಗಿ. ನನ್ನ ತಕರಾರು ಆ ತಡದ ಮೇಲೆಯೇ.

ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು ಮಾನಹಾನಿಗೆ ಎರಡು ವರ್ಷದವರೆಗೆ ಸಜೆ ಹೇಳುತ್ತದೆ; ಸಾರ್ವಜನಿಕ ಹಿತಕ್ಕಾಗಿ ಆಡಿದ ಸತ್ಯಕ್ಕೆ, ಸದುದ್ದೇಶದಿಂದ ಕೊಟ್ಟ ಎಚ್ಚರಿಕೆಗೆ ವಿನಾಯಿತಿಯನ್ನೂ ಕೊಡುತ್ತದೆ. ಓದಲು ಚೆನ್ನಾಗಿದೆ. ಆದರೆ ಆ ವಿನಾಯಿತಿ ತನಗೆ ಸಲ್ಲುತ್ತದೆಂದು ಆರೋಪಿಯ ಕಟಕಟೆಯಲ್ಲಿ ನಿಂತು ತೋರಿಸಬೇಕಾದವಳು ಬರೆದವಳೇ. 2016ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕ್ರಿಮಿನಲ್ ಮಾನಹಾನಿಯನ್ನು ಎತ್ತಿಹಿಡಿಯಿತು. ಅದೇ ವರ್ಷ ಅಮೆರಿಕ, ವಿಮರ್ಶೆ ಬರೆಯಬಾರದೆಂಬ ಅಚ್ಚುಹಾಕಿದ ಕರಾರುಗಳೇ ಅಸಿಂಧು ಎಂದು ಕಾಯ್ದೆ ಮಾಡಿತು. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನ್ಯಾಯದ ಕರಾರು ಎಂಬ ಮಾತೇನೋ ಇದೆ. ಆದರೆ ವಿಚಿತ್ರ ನೋಡಿ: ದೋಷವಿರುವ ಸೀರೆಯ ದೂರನ್ನು ಜಮಖಂಡಿಯವಳು ಬಾಗಲಕೋಟೆಯ ಜಿಲ್ಲಾ ಆಯೋಗಕ್ಕೇ ಕೊಡಬಹುದು, ಬಾಯಿ ಕಟ್ಟುವ ಕರಾರಿನ ದೂರಿಗೆ ಮಾತ್ರ ರಾಜ್ಯ ಆಯೋಗಕ್ಕೇ ಹೋಗಬೇಕು. ಮೂರು ಸಾವಿರದ ಸೀರೆಗೆ ಅಷ್ಟು ದೂರ ಯಾರು ಹೋದಾರು? 2022ರ ಐಎಸ್ 19000 ಮಾನದಂಡವೂ ವಿಮರ್ಶೆಗಳನ್ನು ಸಂಗ್ರಹಿಸಿ ಪ್ರಕಟಿಸುವ ಸಂಸ್ಥೆಗಳಿಗೆ ಹೇಳಿದ್ದು, ಅದೂ ಐಚ್ಛಿಕ.

ಅಂಗಡಿಯವರ ಅಳಲು ಸುಳ್ಳಲ್ಲ. ಮುಧೋಳ, ಬೀಳಗಿಯಂಥ ಊರುಗಳಲ್ಲಿ ಎದುರಂಗಡಿಯವನು ಬರೆಸಿದ ನಾಲ್ಕು ಸುಳ್ಳು ಹಬ್ಬದ ವ್ಯಾಪಾರವನ್ನೇ ಕೆಡಿಸಬಲ್ಲವು. ಆದರೆ ಸುಳ್ಳು ಬರೆದವನ ಕೈಯಲ್ಲಿ ಬಿಲ್ಲಿರುವುದಿಲ್ಲ. ‘ಎಳೆ ಕಾಗದದಂತೆ ಉರಿಯಿತು’ ಎಂಬುದಕ್ಕೂ ‘ಇವರು ಕಳ್ಳರು’ ಎಂಬುದಕ್ಕೂ ಇರುವ ಅಂತರ ಯಾವ ನ್ಯಾಯಾಧೀಶರಿಗಾದರೂ ಮೊದಲ ದಿನವೇ ಕಾಣುವಂಥದ್ದು. ಅದನ್ನು ಮೊದಲ ದಿನವೇ ನೋಡಲು ದಾರಿಯೂ ಆಗಿದೆ: 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಮಿನ ಪ್ರಕಾರ, ಖಾಸಗಿ ದೂರನ್ನು ಕೈಗೆತ್ತಿಕೊಳ್ಳುವ ಮೊದಲೇ ಮ್ಯಾಜಿಸ್ಟ್ರೇಟರು ಆರೋಪಿಯ ಮಾತು ಕೇಳಬೇಕು. ಬಿಲ್ಲು, ಸುಟ್ಟ ಎಳೆ, ಬರೆದ ಸಾಲು ಮೂರನ್ನೂ ಅಲ್ಲೇ ಇಟ್ಟು ನೋಡಿದರೆ ಎಷ್ಟೋ ದೂರುಗಳು ಹೊಸ್ತಿಲಲ್ಲೇ ಬಿದ್ದುಹೋಗುತ್ತವೆ. ಉಳಿಯುವುದು ನೋಟಿಸ್. ಅದಕ್ಕೆ ಮ್ಯಾಜಿಸ್ಟ್ರೇಟರೂ ಬೇಕಿಲ್ಲ, ಕಲಮೂ ಬೇಕಿಲ್ಲ. ಲಕೋಟೆ ಮನೆಗೆ ಬಂದ ರಾತ್ರಿಯೇ ಗಿರಾಕಿ ತಾನು ಬರೆದದ್ದನ್ನು ತಾನೇ ಅಳಿಸಿಬಿಟ್ಟಿರುತ್ತಾಳೆ.