ಸಾಂತ್ವನ ಒಲ್ಲದ ತಾಯಂದಿರು: ‘ಫಾರ್ ಸಮಾ’ ಸಾಕ್ಷ್ಯಚಿತ್ರವೂ ನಮ್ಮ ಪ್ರಸಂಗಪೀಠವೂ

ಕ್ರಿಸ್ತಜಯಂತಿಯ ಕಾಲದಲ್ಲಿ ನಮ್ಮ ಸಭೆಗಳಲ್ಲಿ ಮತ್ತಾಯನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ತಪ್ಪದೆ ಓದುತ್ತೇವೆ. ಆದರೆ ಮೂಡಣ ದೇಶದ ಜೋಯಿಸರು ಕಾಣಿಕೆಗಳನ್ನು ಅರ್ಪಿಸಿ ಹಿಂದಿರುಗಿದ ಮೇಲೆ ನಮ್ಮ ಓದು ಅವಸರಗೊಳ್ಳುತ್ತದೆ. ಹೆರೋದನು ಬೇತ್ಲೆಹೇಮಿನ ಗಂಡುಕೂಸುಗಳನ್ನು ಕೊಲ್ಲಿಸಿದ್ದು, ರಾಮದಲ್ಲಿ ರಾಹೇಲಳ ಗೋಳು ಕೇಳಿಸಿದ್ದು, ಆಕೆ ಯಾರ ಸಾಂತ್ವನಕ್ಕೂ ಒಪ್ಪದೆ ಹೋದದ್ದು, ಇವೆಲ್ಲವೂ ಹಬ್ಬದ ದಿನಗಳಿಗೆ ಹೊಂದದ ಮಾತುಗಳೆಂದು ನಾವು ಭಾವಿಸಿದಂತಿದೆ. ಪ್ರಾಚೀನ ಸಭೆಯು ಆ ಕೂಸುಗಳ ಸ್ಮರಣೆಗೆಂದು ಡಿಸೆಂಬರ್ 28ನ್ನು ಮೀಸಲಿಟ್ಟಿತು. ನಮ್ಮಲ್ಲಿ ಆ ದಿನವು ಬಹುಮಟ್ಟಿಗೆ ಪಂಚಾಂಗದಲ್ಲಿ ಮಾತ್ರ ಉಳಿದಿದೆ. ಈ ಅವಸರದ ಕುರಿತು ನಮ್ಮನ್ನು ಎಚ್ಚರಿಸಿದ್ದು ಯಾವುದೋ ವ್ಯಾಖ್ಯಾನಗ್ರಂಥವಲ್ಲ. ಸಿರಿಯಾದ ಅಂತರ್ಯುದ್ಧದಲ್ಲಿ ಬಾಂಬಿಗೆ ಗುರಿಯಾದ ಆಸ್ಪತ್ರೆಯೊಂದರೊಳಗೆ ಕುಳಿತು ಒಬ್ಬ ಮುಸ್ಲಿಂ ತಾಯಿ ಚಿತ್ರೀಕರಿಸಿದ ಸಾಕ್ಷ್ಯಚಿತ್ರ.

‘ಫಾರ್ ಸಮಾ’ 2019ರಲ್ಲಿ ತೆರೆಕಂಡಿತು. ವಾದ್ ಅಲ್-ಕತೀಬ್ ಮತ್ತು ಎಡ್ವರ್ಡ್ ವಾಟ್ಸ್ ಇದರ ನಿರ್ದೇಶಕರು. ಅದೇ ವರ್ಷ ಕಾನ್ ಚಲನಚಿತ್ರೋತ್ಸವದಲ್ಲಿ ಅತ್ಯುತ್ತಮ ಸಾಕ್ಷ್ಯಚಿತ್ರದ ಪ್ರಶಸ್ತಿಯು ಇದಕ್ಕೂ ಸಂದಿತು. ಮರುವರ್ಷ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂದಿತು. ವಾದ್ 2011ರಲ್ಲಿ ಅಲೆಪ್ಪೊ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ. ಆಳುವವರ ವಿರುದ್ಧ ಪ್ರತಿಭಟನೆಗಳು ಆರಂಭವಾದಾಗ ಕೈಯಲ್ಲಿದ್ದ ಫೋನಿನಿಂದಲೇ ಚಿತ್ರೀಕರಿಸತೊಡಗಿದಳು. ಮುಂದೆ ಹಮ್ಜಾ ಎಂಬ ವೈದ್ಯನನ್ನು ವಿವಾಹವಾದಳು. 2016ರ ಜನವರಿ 1ರಂದು ಅವರಿಗೆ ಹೆಣ್ಣುಮಗು ಹುಟ್ಟಿತು. ಆ ಮಗುವೇ ಸಮಾ. ಚಿತ್ರವೆಲ್ಲವೂ ಆ ಮಗುವಿಗೆ ತಾಯಿ ಬರೆಯುವ ಪತ್ರದ ರೂಪದಲ್ಲಿದೆ: ನಾವು ಏಕೆ ಇಲ್ಲಿ ಉಳಿದೆವು, ನಿನ್ನನ್ನು ಏಕೆ ಈ ಅಪಾಯದಲ್ಲಿ ಇರಿಸಿದೆವು ಎಂಬುದರ ನಿವೇದನೆ.

ಚಿತ್ರದ ಹಿನ್ನೆಲೆಯಲ್ಲಿರುವ ಘಟನೆಗಳನ್ನು ಸ್ಪಷ್ಟವಾಗಿ ಹೇಳಬೇಕು. ಬಂಡುಕೋರರ ವಶದಲ್ಲಿದ್ದ ಪೂರ್ವ ಅಲೆಪ್ಪೊದಲ್ಲಿ ಹಮ್ಜಾ ನಡೆಸುತ್ತಿದ್ದ ಅಲ್-ಕುದ್ಸ್ ಆಸ್ಪತ್ರೆಯ ಮೇಲೆ 2016ರ ಏಪ್ರಿಲ್ 27ರ ರಾತ್ರಿ ವಾಯುದಾಳಿ ನಡೆಯಿತು. ಆಸ್ಪತ್ರೆಗೆ ನೆರವು ನೀಡುತ್ತಿದ್ದ ‘ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್’ ಸಂಸ್ಥೆಯ ಲೆಕ್ಕದಂತೆ ಕನಿಷ್ಠ 55 ಮಂದಿ ಸತ್ತರು. ಅವರಲ್ಲಿ ರೋಗಿಗಳಿದ್ದರು, ಸಿಬ್ಬಂದಿಯಿದ್ದರು, ಆ ಭಾಗದಲ್ಲಿ ಉಳಿದಿದ್ದ ಕೆಲವೇ ಮಕ್ಕಳ ತಜ್ಞರಲ್ಲಿ ಒಬ್ಬರಾದ ಡಾ. ಮುಹಮ್ಮದ್ ವಸೀಮ್ ಮಾಅಜ್ ಇದ್ದರು. ಅವರು ನಡುಮನೆಯಲ್ಲಿ ನಡೆದುಹೋಗುವ ಕೊನೆಯ ಕ್ಷಣಗಳನ್ನು ಆಸ್ಪತ್ರೆಯ ಭದ್ರತಾ ಕ್ಯಾಮೆರಾ ದಾಖಲಿಸಿತ್ತು. ಸಿರಿಯಾ ಸರ್ಕಾರವೂ ಅದರ ಮಿತ್ರನಾದ ರಷ್ಯಾವೂ ಹೊಣೆಯನ್ನು ನಿರಾಕರಿಸಿದವು. ಆದರೆ ಆ ನಗರದ ಮೇಲೆ ಯುದ್ಧವಿಮಾನ ಹಾರಿಸುವ ಶಕ್ತಿ ಬಂಡುಕೋರರಿಗೆ ಇರಲಿಲ್ಲ. ‘ಅಲ್-ಕುದ್ಸ್’ ಎಂಬುದು ಅರಬ್ಬಿಯಲ್ಲಿ ಯೆರೂಸಲೇಮಿಗಿರುವ ಹೆಸರು. ಪ್ರಲಾಪಗಳ ಗ್ರಂಥವನ್ನು ಬಲ್ಲವರು ಈ ಹೆಸರನ್ನು ಕೇಳಿ ಸುಮ್ಮನೆ ಮುಂದೆ ಹೋಗಲಾರರು.

ಹಮ್ಜಾ ಮತ್ತು ಸಂಗಡಿಗರು ನಕ್ಷೆಗಳಲ್ಲಿ ಗುರುತಿಲ್ಲದ ಮತ್ತೊಂದು ಕಟ್ಟಡವನ್ನು ಹುಡುಕಿ ಅಲ್ಲಿ ಆಸ್ಪತ್ರೆಯನ್ನು ಮತ್ತೆ ಆರಂಭಿಸಿದರು. ಈ ಸಂಗತಿಯನ್ನು ನಾವು ತಡೆದು ನಿಂತು ಯೋಚಿಸಬೇಕು. 1949ರ ಜಿನೀವಾ ಒಪ್ಪಂದಗಳೂ 1977ರ ಹೆಚ್ಚುವರಿ ನಿಯಮಾವಳಿಗಳೂ ಆಸ್ಪತ್ರೆಗೆ ಎಲ್ಲರಿಗೂ ಕಾಣುವ ಗುರುತಿರಬೇಕೆಂದು ಬಯಸುತ್ತವೆ; ಆ ಗುರುತೇ ರಕ್ಷಣೆಯೆಂಬುದು ಅವುಗಳ ನಂಬಿಕೆ. ಅಲೆಪ್ಪೊದಲ್ಲಿ ಗುರುತೇ ಮರಣಕ್ಕೆ ದಾರಿಯಾಯಿತು, ಅಡಗಿರುವುದೇ ರಕ್ಷಣೆಯಾಯಿತು. ಸಿರಿಯಾ ಸರ್ಕಾರವು 2012ರಲ್ಲಿ ಮಾಡಿದ ಭಯೋತ್ಪಾದನಾ ನಿಗ್ರಹ ಕಾನೂನುಗಳು ವಿರೋಧಿಗಳ ಗಾಯಕ್ಕೆ ಮದ್ದು ಹಾಕುವುದನ್ನೇ ಅಪರಾಧವೆಂಬಂತೆ ಮಾಡಿದ್ದವು. ಯುದ್ಧದ ಮೊದಲ ಒಂಬತ್ತು ವರ್ಷಗಳಲ್ಲಿ ಚಿಕಿತ್ಸಾಲಯಗಳ ಮೇಲೆ ನಡೆದ ಸುಮಾರು 600 ದಾಳಿಗಳನ್ನು ‘ಫಿಸಿಷಿಯನ್ಸ್ ಫಾರ್ ಹ್ಯೂಮನ್ ರೈಟ್ಸ್’ ಸಂಸ್ಥೆ ದಾಖಲಿಸಿದೆ. ಅವುಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟನ್ನು ಸರ್ಕಾರ ಮತ್ತು ಅದರ ಮಿತ್ರರು ನಡೆಸಿದರೆಂಬುದು ಅದರ ನಿರ್ಣಯ. ನ್ಯಾಯಯುದ್ಧದ ಕುರಿತ ನಮ್ಮ ಪರಂಪರೆಯು, ಬಯಸದೆ ಉಂಟಾದ ಕೇಡಿಗೂ ಬಯಸಿ ಮಾಡಿದ ಕೇಡಿಗೂ ಭೇದವಿದೆ ಎಂದು ಬೋಧಿಸುತ್ತದೆ. ಭೇದ ಸರಿಯಾದದ್ದೇ. ಆದರೆ ಒಂದೇ ಬಗೆಯ ‘ಬಯಸದ ಕೇಡು’ ನೂರಾರು ಬಾರಿ ಮರುಕಳಿಸಿದಾಗ ಆ ಭೇದದ ಹಿಂದೆ ಅಡಗಲು ಯಾರಿಗೂ ಸ್ಥಳವಿರುವುದಿಲ್ಲ. ಆಸ್ಪತ್ರೆಯೊಂದು ನಿಂತಿರುವವರೆಗೆ ಜನರು ಊರು ಬಿಡುವುದಿಲ್ಲ. ಆದ್ದರಿಂದಲೇ ಅದು ಗುರಿಯಾಗುತ್ತದೆ.

ಇಂಥ ಆಸ್ಪತ್ರೆಯೊಳಗಿನ ಎರಡು ದೃಶ್ಯಗಳು ಈ ಚಿತ್ರದ ಹೃದಯ. ಮೊದಲನೆಯದರಲ್ಲಿ ಒಂಬತ್ತು ತಿಂಗಳ ಗರ್ಭಿಣಿಯೊಬ್ಬಳನ್ನು ಗಾಯಗೊಂಡ ಸ್ಥಿತಿಯಲ್ಲಿ ಕರೆತರುತ್ತಾರೆ. ತುರ್ತಾಗಿ ಶಸ್ತ್ರಚಿಕಿತ್ಸೆ ಮಾಡಿ ಮಗುವನ್ನು ಹೊರತೆಗೆಯುತ್ತಾರೆ. ಅದು ಅಳುವುದಿಲ್ಲ, ಮೈಬಣ್ಣ ಬೂದಿಯಂತಿದೆ. ವೈದ್ಯರು ಅದರ ಎದೆಯನ್ನು ಒತ್ತುತ್ತಾರೆ, ಬೆನ್ನನ್ನು ಉಜ್ಜುತ್ತಾರೆ, ತಲೆಕೆಳಗಾಗಿ ಹಿಡಿದು ತಟ್ಟುತ್ತಾರೆ. ನೋಡುವವರಿಗೆ ಭರವಸೆಯೆಲ್ಲ ಬತ್ತಿಹೋದ ಮೇಲೆ ಮಗು ಕಣ್ಣು ತೆರೆದು ಅಳುತ್ತದೆ. ತಾಯಿಯೂ ಬದುಕುತ್ತಾಳೆ. ಇನ್ನೊಂದು ದೃಶ್ಯದಲ್ಲಿ ಮೈಯೆಲ್ಲ ಧೂಳು ಮೆತ್ತಿದ ಇಬ್ಬರು ಹುಡುಗರು ತಮ್ಮ ಪುಟ್ಟ ತಮ್ಮನೊಂದಿಗೆ ಆಸ್ಪತ್ರೆಗೆ ಬರುತ್ತಾರೆ. ಅವನು ಸತ್ತಿದ್ದಾನೆ. ಅಣ್ಣಂದಿರು ಅಳುತ್ತಾ ನಿಲ್ಲುತ್ತಾರೆ. ಅನಂತರ ತಾಯಿ ಬರುತ್ತಾಳೆ. ಮಗನ ದೇಹವನ್ನು ಯಾರ ಕೈಗೂ ಕೊಡದೆ ತಾನೇ ಎತ್ತಿಕೊಂಡು ಬೀದಿಯಲ್ಲಿ ನಡೆದುಹೋಗುತ್ತಾಳೆ.

ಮೊದಲನೆಯ ದೃಶ್ಯವನ್ನು ಪುನರುತ್ಥಾನದ ದೃಷ್ಟಾಂತವಾಗಿ ಬಳಸುವ ಆಸೆ ಯಾವ ಬೋಧಕನಿಗೂ ಹುಟ್ಟೀತು. ನಮಗೂ ಹುಟ್ಟಿತು ಎಂಬುದನ್ನು ಒಪ್ಪಿಕೊಳ್ಳುತ್ತೇವೆ. ಪಾಸ್ಕ ಹಬ್ಬದ ಪ್ರಸಂಗಕ್ಕೆ ಇದಕ್ಕಿಂತ ಒಪ್ಪುವ ಚಿತ್ರ ಸಿಕ್ಕೀತೇ? ಆದರೆ ಎರಡನೆಯ ದೃಶ್ಯವು ನಮ್ಮನ್ನು ತಡೆಯುತ್ತದೆ. ಬದುಕಿದ ಮಗುವನ್ನು ದೇವರ ಕ್ರಿಯೆಯೆಂದು ಕರೆದರೆ, ಸತ್ತ ಹುಡುಗನ ತಾಯಿಗೆ ನಾವು ಏನು ಹೇಳಿದಂತಾಯಿತು? ದೇವರು ಒಂದು ಮಂಚದ ಬಳಿ ಇದ್ದು ಮತ್ತೊಂದರ ಬಳಿ ಇರಲಿಲ್ಲವೆಂದೇ? ನಮ್ಮ ಸಭೆಗಳಲ್ಲಿ ಕೇಳಿಬರುವ ಸಾಕ್ಷಿಗಳಲ್ಲಿ ಈ ತೊಡಕು ದಿನವೂ ಇದೆ. ಅಪಘಾತದಿಂದ ಪಾರಾದವನು ಸ್ತೋತ್ರ ಸಲ್ಲಿಸುತ್ತಾನೆ; ಅದೇ ವಾಹನದಲ್ಲಿ ಸತ್ತವನ ಹೆಂಡತಿ ಹಿಂದಿನ ಸಾಲಿನಲ್ಲಿ ಕುಳಿತಿರುತ್ತಾಳೆ.

ಇಲ್ಲಿ ಮತ್ತಾಯನು ನಮಗೆ ದಾರಿ ತೋರುತ್ತಾನೆ. ಅವನ ಕಥನದಲ್ಲಿಯೂ ಒಂದು ಮಗು ಉಳಿಯುತ್ತದೆ, ಉಳಿದವು ಸಾಯುತ್ತವೆ. ಯೋಸೇಫನಿಗೆ ಕನಸು ಬಿತ್ತು. ಬೇತ್ಲೆಹೇಮಿನ ಇತರ ತಂದೆಗಳಿಗೆ ಬೀಳಲಿಲ್ಲ. ಸುವಾರ್ತಿಕನು ಈ ವ್ಯತ್ಯಾಸಕ್ಕೆ ವಿವರಣೆ ಕೊಡುವುದಿಲ್ಲ. ಪಾರಾದ ಮಗುವಿನ ಹರ್ಷದಿಂದ ಸತ್ತ ಮಕ್ಕಳನ್ನು ಮುಚ್ಚಿಹಾಕುವುದೂ ಇಲ್ಲ. ರಾಹೇಲಳನ್ನು ಕರೆತಂದು ನಿಲ್ಲಿಸುತ್ತಾನೆ, ಆಕೆಯನ್ನು ಸುಮ್ಮನಾಗಿಸದೆ ಬಿಡುತ್ತಾನೆ. ಯೆರೆಮೀಯನ ಗ್ರಂಥದಲ್ಲಿ ಆಕೆಯ ಅಳುವಿನ ಬೆನ್ನಿಗೇ ಆದರಣೆಯ ಮಾತುಗಳಿವೆ. ಮತ್ತಾಯನು ಅಳುವನ್ನು ಮಾತ್ರ ಎತ್ತಿಕೊಂಡು ಅಲ್ಲಿಗೇ ನಿಲ್ಲಿಸುತ್ತಾನೆ. ಅಂದು ಪಾರಾದ ಮಗುವೂ ಮುಂದೆ ಆಳುವವರ ಕೈಯಲ್ಲಿ ಸಾಯಲಿಕ್ಕಿದೆ. ಆ ಮಗುವಿನ ಪುನರುತ್ಥಾನವನ್ನು ಸಾರುವ ಸಭೆಯು ಅದಕ್ಕೆ ಮೊದಲು ರಾಹೇಲಳ ಪಕ್ಕದಲ್ಲಿ ನಿಂತಿರಬೇಕು. ‘ಫಾರ್ ಸಮಾ’ ತನಗರಿಯದೆಯೇ ಮತ್ತಾಯನ ಈ ಕ್ರಮವನ್ನು ಪಾಲಿಸಿದೆ. ಅದರ ಹೆಸರಿನಲ್ಲಿರುವ ಮಗು ಬದುಕಿದೆ. ಆದರೆ ತಾಯಿಯ ದನಿಯಲ್ಲಿ ವಿಜಯವಿಲ್ಲ. ಮಗಳು ತನ್ನನ್ನು ಕ್ಷಮಿಸುವಳೋ ಇಲ್ಲವೋ ಎಂಬ ಅಳುಕಿದೆ.

‘ಸಮಾ’ ಎಂದರೆ ಆಕಾಶ. ಯುದ್ಧವಿಮಾನಗಳಿಲ್ಲದ, ಬಾಂಬುಗಳಿಲ್ಲದ ಆಕಾಶವನ್ನು ಬಯಸಿ ಆ ಹೆಸರಿಟ್ಟೆವೆಂದು ತಾಯಿ ಹೇಳುತ್ತಾಳೆ. ಹೀಬ್ರೂ ಓದಿದ ನಮ್ಮ ವಿದ್ಯಾರ್ಥಿಗಳು ಇದರಲ್ಲಿ ‘ಶಾಮಯಿಮ್’ ಎಂಬ ಸೋದರಪದವನ್ನು ಗುರುತಿಸುವರು. ಆ ಭಾಷೆಗಳಲ್ಲಿ ಮೋಡಗಳಿರುವ ಆಕಾಶಕ್ಕೂ ದೇವರ ಸಿಂಹಾಸನವಿರುವ ಪರಲೋಕಕ್ಕೂ ಒಂದೇ ಪದ. ಕನ್ನಡ ಸತ್ಯವೇದವು ಅದನ್ನು ಎರಡಾಗಿ ಒಡೆದಿದೆ: ಆದಿಕಾಂಡದ ಮೊದಲ ವಚನದಲ್ಲಿ ಆಕಾಶ, ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ಪರಲೋಕ. ಅನುವಾದಕರಿಗೆ ಅದು ಅನಿವಾರ್ಯವಾಗಿತ್ತು. ಆದರೆ ಆ ಒಡಕಿನಲ್ಲಿ ನಮ್ಮ ಭಕ್ತಿಯು ಸುಖವಾಗಿ ನೆಲೆಸಿಬಿಟ್ಟಿದೆ. ಹೆಲಿಕಾಪ್ಟರುಗಳಿಂದ ಬ್ಯಾರೆಲ್ ಬಾಂಬುಗಳು ಉರುಳುವ ಆಕಾಶ ಬೇರೆ, ನಮ್ಮ ತಂದೆಯಿರುವ ಪರಲೋಕ ಬೇರೆ ಎಂದುಕೊಂಡು ಪ್ರಾರ್ಥಿಸುವುದು ಸುಲಭ. ಸಮಾಳ ತಾಯಿಗೆ ಈ ಸೌಲಭ್ಯವಿಲ್ಲ. ಆಕೆ ಮೇಲೆ ನೋಡಿದರೆ ಕಾಣುವುದು ಒಂದೇ.

ಚಿತ್ರದ ಕುಂದುಗಳನ್ನೂ ಹೇಳಬೇಕು. ಪತ್ರರೂಪವು ಅದಕ್ಕೆ ಆಪ್ತತೆಯನ್ನು ಕೊಟ್ಟಿದೆ, ಜೊತೆಗೆ ನೋಟವನ್ನು ಕಿರಿದಾಗಿಸಿದೆ. ಪೂರ್ವ ಅಲೆಪ್ಪೊದಲ್ಲಿ ಆಯುಧ ಹಿಡಿದಿದ್ದ ಗುಂಪುಗಳು ಇಲ್ಲಿ ಹೆಚ್ಚುಕಡಿಮೆ ಅದೃಶ್ಯ. ಸರ್ಕಾರದ ವಶದಲ್ಲಿದ್ದ ಪಶ್ಚಿಮ ಅಲೆಪ್ಪೊದ ಸಾವುಗಳೂ ಕಾಣುವುದಿಲ್ಲ. 2016ರ ಮೇ 3ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಆಸ್ಪತ್ರೆಗಳ ಮೇಲಿನ ದಾಳಿಯನ್ನು ಖಂಡಿಸಿ 2286ನೆಯ ನಿರ್ಣಯವನ್ನು ಅಂಗೀಕರಿಸಿತು. ಅದೇ ದಿನ ಪಶ್ಚಿಮ ಅಲೆಪ್ಪೊದ ಅದ್-ದಬ್ಬೀತ್ ಹೆರಿಗೆ ಆಸ್ಪತ್ರೆಗೆ ಬಂಡುಕೋರರ ಕಡೆಯಿಂದ ಬಂದ ರಾಕೆಟ್ ಬಡಿದು ಅಲ್ಲಿಯೂ ಹೆಂಗಸರು ಸತ್ತರು. ಎರಡು ಕಡೆಯ ಬಲವೂ ಎರಡು ಕಡೆಯ ಲೆಕ್ಕವೂ ಸಮವಲ್ಲ. ಆಕಾಶವು ಒಂದೇ ಪಕ್ಷದ ಕೈಯಲ್ಲಿತ್ತು. ಆದರೆ ಸತ್ತವರ ತಾಯಂದಿರನ್ನು ಪಕ್ಷಗಳಾಗಿ ವಿಂಗಡಿಸಲಾಗದು. ಅದೇ ಮೇ 3ರ ಸಭೆಯಲ್ಲಿ ‘ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್’ ಸಂಸ್ಥೆಯ ಅಧ್ಯಕ್ಷೆ ಜೋಆನ್ ಲಿಯು, ಮಂಡಳಿಯ ಐದು ಖಾಯಂ ಸದಸ್ಯರಾಷ್ಟ್ರಗಳಲ್ಲಿ ನಾಲ್ಕು ಇಂಥ ದಾಳಿಗಳಿಗೆ ಹೊಣೆಯಾದ ಕೂಟಗಳೊಂದಿಗೆ ಸಂಬಂಧ ಹೊಂದಿವೆ ಎಂಬುದನ್ನು ಅವರ ಮುಂದೆಯೇ ಹೇಳಿದರು.

ಪಶ್ಚಿಮ ಅಲೆಪ್ಪೊದ ಮಾತು ಬಂದಾಗ ನಮ್ಮದೇ ಮನೆಯ ವಿಚಾರವನ್ನು ಎತ್ತದೆ ಗತಿಯಿಲ್ಲ. ನಗರದ ಕ್ರೈಸ್ತರು ಹೆಚ್ಚಾಗಿ ವಾಸವಾಗಿದ್ದದ್ದು ಅಲ್ಲಿ. ಅಲೆಪ್ಪೊದ ಸುರಿಯಾನಿ ಆರ್ಥೊಡಾಕ್ಸ್ ಸಭೆಯ ಯೋಹನ್ನಾ ಇಬ್ರಾಹಿಮ್ ಮತ್ತು ಗ್ರೀಕ್ ಆರ್ಥೊಡಾಕ್ಸ್ ಸಭೆಯ ಬೂಲೊಸ್ ಯಾಝಿಜಿ ಎಂಬ ಇಬ್ಬರು ಮಹಾಬಿಷಪರನ್ನು 2013ರ ಏಪ್ರಿಲ್‌ನಲ್ಲಿ ಅಪಹರಿಸಲಾಯಿತು. ಅವರು ಮರಳಿ ಬರಲಿಲ್ಲ. ಆ ಸಭೆಗಳ ಭಯವು ಕಲ್ಪಿತವಾಗಿರಲಿಲ್ಲ. ಅನೇಕ ಸಭಾನಾಯಕರು ಸರ್ಕಾರವನ್ನು ಆಸರೆಯೆಂದು ನಂಬಿದ್ದನ್ನು ದೂರದಲ್ಲಿ ಸುರಕ್ಷಿತರಾಗಿ ಕುಳಿತು ಜರೆಯುವುದು ನಮಗೆ ತರವಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ನಮ್ಮ ಪ್ರಾರ್ಥನಾಸಭೆಗಳಲ್ಲಿ ಆ ಬಿಷಪರ ಹೆಸರುಗಳು ಕೇಳಿಬಂದದ್ದು ಯುಕ್ತವೇ. ಅಲ್-ಕುದ್ಸ್ ಆಸ್ಪತ್ರೆಯ ಹೆಸರು ಕೇಳಿಬಂದಿತೇ? ಗಾಯಗೊಂಡವನ ಮತವನ್ನು ಕೇಳದೆ ಕೆಳಗಿಳಿದ ಸಮಾರ್ಯದವನ ಸಾಮ್ಯವನ್ನು ನಾವು ವರ್ಷಕ್ಕೊಮ್ಮೆ ಪ್ರಸಂಗಿಸುತ್ತೇವೆ, ನಮ್ಮ ವಿಜ್ಞಾಪನೆಗಳ ಪಟ್ಟಿಯನ್ನು ಮಾತ್ರ ನಮ್ಮವರ ಹೆಸರುಗಳಿಂದಲೇ ತುಂಬಿಸುತ್ತೇವೆ.

ಆ ನೆಲದ ಹಳೆಯ ನೆನಪುಗಳು ಇದಕ್ಕಿಂತ ವಿಶಾಲವಾಗಿವೆ. ನಾಲ್ಕನೆಯ ಶತಮಾನದಲ್ಲಿ ಅಲೆಪ್ಪೊದ ಈಶಾನ್ಯಕ್ಕಿರುವ ಎದೆಸ್ಸಾ ನಗರವನ್ನು ಕ್ಷಾಮ ಬಡಿದಾಗ, ಕವಿಯೂ ದೇವಶಾಸ್ತ್ರಜ್ಞನೂ ಆಗಿದ್ದ ಸಂತ ಎಫ್ರೇಮನು ಸಿರಿವಂತರಿಂದ ಹಣ ಬೇಡಿ ನಗರದ ಜಗಲಿಗಳಲ್ಲಿ ಸುಮಾರು 300 ಹಾಸಿಗೆಗಳನ್ನು ಹಾಕಿಸಿದನೆಂದು ಪ್ರಾಚೀನ ಸಭಾಚರಿತ್ರಕಾರರು ಬರೆದಿದ್ದಾರೆ. ಅಲೆಪ್ಪೊದಲ್ಲಿಯೇ 1354ರಲ್ಲಿ ಮುಸ್ಲಿಂ ಅಧಿಕಾರಿಯೊಬ್ಬನು ಕಟ್ಟಿಸಿದ ಅರ್ಗೂನ್ ಬೀಮಾರಿಸ್ತಾನವು ಇಂದಿಗೂ ಆ ನಗರದ ಹೆಮ್ಮೆ. ಆಸ್ಪತ್ರೆಯ ಮೇಲೆ ಬಾಂಬು ಬಿದ್ದಾಗ ಒಡೆಯುವುದು ಒಂದು ಸಮುದಾಯದ ಸೊತ್ತಲ್ಲ. ದೇವಭಯವುಳ್ಳ ಹಲವು ತಲೆಮಾರುಗಳು ಸೇರಿ ಕಲಿತ ಕರುಣೆಯ ಪಾಠ.

ಸತ್ತ ಮಕ್ಕಳ ಮುಖಗಳನ್ನು ತೆರೆಯ ಮೇಲೆ ತೋರಿಸುವುದು ಸರಿಯೇ ಎಂಬ ಆಕ್ಷೇಪಣೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅಪರಿಚಿತರ ದುಃಖವನ್ನು ನೋಡಿ ಕಣ್ಣೊರೆಸಿಕೊಂಡು ಏಳುವ ಅಭ್ಯಾಸವು ಆತ್ಮಕ್ಕೆ ಕೇಡು. ಆದರೆ ಇಲ್ಲಿ ಕ್ಯಾಮೆರಾ ಹಿಡಿದವಳು ಹೊರಗಿನಿಂದ ಬಂದವಳಲ್ಲ. ಅದೇ ಕಟ್ಟಡದಲ್ಲಿ ಮಲಗಿ, ಅದೇ ಧೂಳನ್ನು ಉಸಿರಾಡಿ, ತನ್ನ ಮಗುವನ್ನು ಪಕ್ಕದ ಕೋಣೆಯಲ್ಲಿರಿಸಿದವಳು. ಸಾಕ್ಷಿ ಎಂಬ ಮಾತಿಗೆ ಹೊಸ ಒಡಂಬಡಿಕೆಯ ಗ್ರೀಕಿನಲ್ಲಿರುವ ಪದವೇ ಮುಂದೆ ರಕ್ತಸಾಕ್ಷಿಗೂ ಹೆಸರಾಯಿತೆಂಬುದನ್ನು ನಾವು ಬಲ್ಲೆವು. ಆ ಅರ್ಥದ ಸಮೀಪಕ್ಕೆ ಈ ಚಿತ್ರ ಬರುತ್ತದೆ.

2016ರ ಡಿಸೆಂಬರಿನಲ್ಲಿ ಅವರು ಅಲೆಪ್ಪೊವನ್ನು ಬಿಟ್ಟು ಹೊರಟರು. ಎಂಟು ವರ್ಷಗಳ ಬಳಿಕ, 2024ರ ಡಿಸೆಂಬರಿನಲ್ಲಿ, ಅಸದ್ ಆಳಿಕೆ ಕುಸಿಯಿತು. ಹೆರೋದನೂ ಒಂದು ದಿನ ಸತ್ತನೆಂದು ಮತ್ತಾಯನು ಬರೆಯುತ್ತಾನೆ. ಆದರೆ ಅದರಿಂದ ರಾಹೇಲಳ ಅಳು ನಿಂತಿತೆಂದು ಬರೆಯುವುದಿಲ್ಲ. ನಮ್ಮ ವಿದ್ಯಾರ್ಥಿಗಳು ಈ ಚಿತ್ರವನ್ನು ನೋಡಲಿ ಎಂದು ನಾವು ಶಿಫಾರಸು ಮಾಡುತ್ತೇವೆ. ಮುಂದೊಂದು ದಿನ ಅವರು ಆ ನವಜಾತ ಶಿಶುವಿನ ಅಳುವನ್ನು ಪ್ರಸಂಗದಲ್ಲಿ ಬಳಸುವುದಾದರೆ, ಅದೇ ಪ್ರಸಂಗದಲ್ಲಿ ಮಗನನ್ನು ಎತ್ತಿಕೊಂಡು ಬೀದಿಗಿಳಿದ ತಾಯಿಗೂ ಸ್ಥಳವಿರಲಿ. ಆಕೆಗೆ ಹೇಳಲು ಮಾತು ಸಿಗದಿದ್ದರೆ, ಸಿಗಲಿಲ್ಲವೆಂದು ಸಭೆಯ ಮುಂದೆ ಒಪ್ಪಿಕೊಂಡು, ಆಮೇಲೆ ಪ್ರಾರ್ಥನೆಗೆ ತಲೆಬಾಗಲಿ.