ಬಡ್ಡಿ ಉಣ್ಣುವ ಊರಿಗೆ ಬೆಂಗನ್ ಅವರ ಶೇ. 4

ನಿವೃತ್ತಿಯಾದ ಮೇಲೆ ವರ್ಷಕ್ಕೆ ಎಷ್ಟು ತೆಗೆದು ಖರ್ಚು ಮಾಡಿದರೆ ಕೈಯಲ್ಲಿರುವ ಗಂಟು ಕೊನೆಯ ತನಕ ಬಂದೀತು? ಕ್ಯಾಲಿಫೋರ್ನಿಯಾದ ಹಣಕಾಸು ಸಲಹೆಗಾರ ವಿಲಿಯಂ ಬೆಂಗನ್ 1994ರಲ್ಲಿ ಈ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರ ಕೊಟ್ಟರು. ವಿಮಾನಶಾಸ್ತ್ರ ಓದಿ, ಮನೆತನದ ತಂಪು ಪಾನೀಯದ ವ್ಯವಹಾರ ನೋಡಿಕೊಂಡು, ಆಮೇಲೆ ಈ ವೃತ್ತಿಗೆ ಬಂದವರು ಅವರು. 1926ರಿಂದೀಚಿನ ಅಮೆರಿಕದ ಷೇರು, ಸರಕಾರಿ ಬಾಂಡು ಮತ್ತು ಬೆಲೆಯೇರಿಕೆಯ ಅಂಕಿಗಳನ್ನು ಮುಂದಿಟ್ಟುಕೊಂಡು ಅವರು ಹೇಳಿದ್ದು ಇಷ್ಟು: ಮೊದಲ ವರ್ಷ ಗಂಟಿನ ಶೇ. 4ರಷ್ಟು ತೆಗೆಯಿರಿ, ಆಮೇಲೆ ಪ್ರತಿವರ್ಷ ಬೆಲೆ ಏರಿದಷ್ಟೇ ಆ ಮೊತ್ತವನ್ನೂ ಏರಿಸುತ್ತ ಹೋಗಿ, ಎಂಥ ಕೆಟ್ಟ ಕಾಲ ಬಂದರೂ 30 ವರ್ಷ ಗಂಟು ಬರಿದಾಗದು.

ಈ ಸೂತ್ರ ಈಗ ನಮ್ಮ ಸಲಹೆಗಾರರ ಬಾಯಲ್ಲೂ ಓಡಾಡುತ್ತಿದೆ. ಉಡುಪಿಯ ಕಡಿಯಾಳಿಯಂಥ ಕಡೆ ನಿಂತು ಅದನ್ನು ಒರೆಗೆ ಹಚ್ಚುವುದು ಅಗತ್ಯ. ಯಾಕೆಂದರೆ ಉಳಿತಾಯದ ವಿಷಯದಲ್ಲಿ ಉಡುಪಿಗೆ ಹೊರಗಿನವರ ಪಾಠ ಬೇಕಿರಲಿಲ್ಲ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಶನ್ ಬ್ಯಾಂಕಿಗೆ ಅಡಿಪಾಯ ಹಾಕಿದ್ದು ಇಲ್ಲೇ. 1925ರಲ್ಲಿ ಸಿಂಡಿಕೇಟ್ ಬ್ಯಾಂಕು ಹುಟ್ಟಿದ್ದೂ ಇಲ್ಲೇ. 1928ರಲ್ಲಿ ಶುರುವಾದ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ ದಿನಕ್ಕೆ ಎರಡಾಣೆ ಆದರೂ ಸರಿ ಎಂದು ಕಟ್ಟಿಸಿಕೊಂಡರು. 2020ರ ಏಪ್ರಿಲ್ 1ರಂದು ಎರಡೂ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು, ಆ ನೋವು ಇನ್ನೂ ಆರಿಲ್ಲ. ಆದರೆ ಅವು ಕಲಿಸಿದ ಅಭ್ಯಾಸ ಊರಿನಲ್ಲಿ ಉಳಿದಿದೆ.

ಕೂಡಿಡುವುದನ್ನು ಕಲಿತೆವು. ಕೂಡಿಟ್ಟದ್ದನ್ನು ತೆಗೆದು ಬದುಕುವುದು ಹೇಗೆ ಎಂಬುದನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ. ಆ ಜಾಗದಲ್ಲಿ ನಮಗೆ ಇರುವುದು ಹಿರಿಯರ ಒಂದೇ ನಿಯಮ: ಬಡ್ಡಿ ಉಣ್ಣು, ಅಸಲು ಮುಟ್ಟಬೇಡ.

ಮಹಿಷಮರ್ದಿನಿ ದೇವಸ್ಥಾನದ ಹತ್ತಿರ ಮನೆ ಇರುವ, ನನಗೆ ಬಹಳ ಬೇಕಾದ ಒಬ್ಬ ನಿವೃತ್ತ ಮೇಷ್ಟ್ರು ಈ ನಿಯಮವನ್ನು ವ್ರತದ ಹಾಗೆ ಪಾಲಿಸಿದವರು. ಖಾಸಗಿ ಶಾಲೆಯಲ್ಲಿ ಕಲಿಸಿದವರು, ಪಿಂಚಣಿ ಹೆಸರಿಗಷ್ಟೇ. ಎಫ್‌ಡಿ ರಸೀದಿಗಳು ಪ್ಲಾಸ್ಟಿಕ್ ಲಕೋಟೆಯಲ್ಲಿ ಗೋದ್ರೇಜ್ ಕಪಾಟಿನ ಮೇಲಿನ ಖಾನೆಯಲ್ಲಿವೆ. ಒಂದೊಂದರ ಮೂಲೆಯಲ್ಲೂ ಪೆನ್ಸಿಲಿನಲ್ಲಿ ಬರೆದ ವಾಯಿದೆಯ ದಿನ. ಏಪ್ರಿಲ್ ಬಂದರೆ ಬಡ್ಡಿಯಲ್ಲಿ ತೆರಿಗೆ ಕಡಿಯದಿರಲು ಫಾರಂ ತುಂಬಿ ಬ್ಯಾಂಕಿಗೆ ಕೊಟ್ಟು ಬರುತ್ತಾರೆ. ಮೊದಮೊದಲು ಬಡ್ಡಿಯಲ್ಲಿ ಧಾರಾಳವಾಗಿ ನಡೆಯಿತು. ಈಗ ಔಷಧಿಗೇ ಅರ್ಧ ಹೋಗುತ್ತದೆ. ಕಿವಿ ಸರಿ ಕೇಳುವುದಿಲ್ಲ, ಯಂತ್ರ ಹಾಕಿಸಿಕೊಳ್ಳಿ ಅಂದರೆ, “ಅದಕ್ಕೆ ಎಫ್‌ಡಿ ಮುರಿಯಬೇಕಲ್ಲ ಮಾರಾಯ್ರೆ” ಅನ್ನುತ್ತಾರೆ. ಆ ಎಫ್‌ಡಿ ಬೆಂಗಳೂರಿನಲ್ಲಿರುವ ಮಗನಿಗೆ ಉಳಿಯಬೇಕಂತೆ. ಮಗ ಅದನ್ನು ಕೇಳಿಯೇ ಇಲ್ಲ.

ಇಲ್ಲಿ ಬೆಂಗನ್ ಅವರ ಲೆಕ್ಕ ನಿಜಕ್ಕೂ ಕಣ್ಣು ತೆರೆಸುತ್ತದೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಪೂರ್ತಿ ಮಿತಿ 30 ಲಕ್ಷವನ್ನು ಶೇ. 8.2ರ ದರದಲ್ಲಿ ಇಟ್ಟವರಿಗೆ ವರ್ಷಕ್ಕೆ 2,46,000 ರೂಪಾಯಿ ಬಡ್ಡಿ ಬರುತ್ತದೆ. ಹಿರಿಯರ ನಿಯಮದಂತೆ ಅಷ್ಟನ್ನೂ ಖರ್ಚು ಮಾಡಬಹುದು. ಬೆಂಗನ್ ಪ್ರಕಾರವಾದರೆ ಮೊದಲ ವರ್ಷ ತೆಗೆಯಬೇಕಾದ್ದು 1,20,000 ಮಾತ್ರ. ಬೆಲೆ ವರ್ಷಕ್ಕೆ ಶೇ. 6ರಂತೆ ಏರಿದರೆ 12 ವರ್ಷಕ್ಕೆ ದುಪ್ಪಟ್ಟಾಗುತ್ತದೆ. ಬಡ್ಡಿ ಏರುವುದಿಲ್ಲ. ನಮ್ಮ ನಿಯಮ ಗಟ್ಟಿಯಿರುವಾಗ ಹೆಚ್ಚು ಉಣ್ಣಿಸಿ, ಕೈಲಾಗದ ವಯಸ್ಸಿನಲ್ಲಿ ಹೊಟ್ಟೆ ಕಟ್ಟಿಸುತ್ತದೆ. ಅಸಲು ಕೂಡ ನಮ್ಮ ಬದುಕಿಗೇ ಇರುವುದು, ಅಳತೆ ಇಟ್ಟುಕೊಂಡು ಮುಟ್ಟಿ ಎಂದು ಹೇಳುವ ಧೈರ್ಯ ಅಮೆರಿಕದ ಈ ಸಲಹೆಗಾರರಲ್ಲಿದೆ.

ಹಾಗೆಂದು ಆ 4ನ್ನು ಹಾಗೆಯೇ ಎತ್ತಿಕೊಂಡು ಬರಲಾಗದು. ಬೆಂಗನ್ ಲೆಕ್ಕದಲ್ಲಿ ಗಂಟಿನ ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಷೇರಿನಲ್ಲಿರುತ್ತದೆ. ನಮ್ಮ ಮೇಷ್ಟ್ರ ಹತ್ತಿರ ಒಂದು ಷೇರೂ ಇಲ್ಲ. ಪೂರ್ತಿ ಎಫ್‌ಡಿಯಲ್ಲಿದ್ದು, ಬಡ್ಡಿ ಬೆಲೆಯೇರಿಕೆಗೆ ಸರಿಸಮ ಆಯಿತೆಂದುಕೊಳ್ಳಿ. 30 ವರ್ಷ ಬರಬೇಕಾದರೆ ಮೂವತ್ತರಲ್ಲಿ ಒಂದು ಪಾಲು, ಅಂದರೆ ಶೇ. 3.3 ಮಾತ್ರ ತೆಗೆಯಬಹುದು. ಇನ್ನು ಭಾರತದ ಷೇರುಪೇಟೆಯ ಚರಿತ್ರೆಯನ್ನೇ ಹಿಡಿದು ಲೆಕ್ಕ ಹಾಕೋಣವೆಂದರೆ ಸೆನ್ಸೆಕ್ಸ್‌ನ ಮೂಲ ವರ್ಷವೇ 1978-79. ಅದರಲ್ಲಿ ಬಿಡಿಬಿಡಿಯಾದ ಎರಡು 30 ವರ್ಷಗಳೂ ಸಿಗುವುದಿಲ್ಲ. ಅಷ್ಟು ಚಿಕ್ಕ ಚರಿತ್ರೆಯ ಬಲದ ಮೇಲೆ ‘ಭಾರತಕ್ಕೆ ಇಷ್ಟು ಶೇಕಡಾ’ ಎಂದು ಖಡಾಖಂಡಿತ ಹೇಳುವ ಸಲಹೆಗಾರರನ್ನು ನಾನು ನಂಬಲಾರೆ.

ಇನ್ನೊಂದು ಸಂಗತಿಯನ್ನು ಬೆಂಗನ್ ಅವರ ಲೆಕ್ಕ ಗಮನಿಸಿಯೇ ಇಲ್ಲ, ಗಮನಿಸುವ ಅಗತ್ಯವೂ ಅಲ್ಲಿ ಇರಲಿಲ್ಲ. ಬಡ್ಡಿ ಅರ್ಧ ಶೇಕಡಾ ಹೆಚ್ಚು ಸಿಗುತ್ತದೆಂದು ನಮ್ಮ ಕರಾವಳಿಯ ಹಿರಿಯರು ಪತ್ತಿನ ಸಹಕಾರಿ ಸಂಘಗಳಲ್ಲಿ ದುಡ್ಡು ಇಡುತ್ತಾರೆ. 5 ಲಕ್ಷದವರೆಗಿನ ಠೇವಣಿ ವಿಮೆ ಇರುವುದು ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳಿಗೂ ಸೇರಿ. ಪತ್ತಿನ ಸಂಘಗಳಿಗೆ ಅದಿಲ್ಲ. ಇಲ್ಲಿ ಸಲಹೆ ಕೊಡಲು ಕೂತವರು ಶೇಕಡಾ ಹೇಳುವ ಮೊದಲು ರಸೀದಿಗಳನ್ನು ತರಿಸಿ ನೋಡಬೇಕು. ಕಮಿಷನ್ ಏಜೆಂಟರು ಈ ಕೆಲಸ ಮಾಡುವುದು ಕಡಿಮೆ. ಸೆಬಿಯಲ್ಲಿ ನೋಂದಾಯಿಸಿಕೊಂಡು ಫೀಸು ತೆಗೆದುಕೊಳ್ಳುವ ಸಲಹೆಗಾರರಿಗೆ ಫೀಸು ಕೊಡಲು ನಮ್ಮವರಿಗೆ ಮನಸ್ಸಿಲ್ಲ. ಆ ಜಿಪುಣತನ ದುಬಾರಿ.

ಬೆಂಗನ್ ಸೂತ್ರದ ನಿಜವಾದ ಬೆಲೆ 4ರಲ್ಲಿಲ್ಲ, ‘ಬೆಲೆ ಏರಿದಷ್ಟೇ ಏರಿಸಿ’ ಎಂಬ ಎರಡನೆಯ ಅರ್ಧದಲ್ಲಿದೆ. ಅದನ್ನು ಹಿಡಿದು ನಮ್ಮ ಯೋಜನೆಗಳನ್ನು ಅಳೆದರೆ ಬೇಸರವಾಗುತ್ತದೆ. ಅಟಲ್ ಪಿಂಚಣಿಗೆ 20ರ ವಯಸ್ಸಿನಲ್ಲಿ ಸೇರಿದ ಹುಡುಗಿಗೆ 60ಕ್ಕೆ ಸಿಗುವ ಗರಿಷ್ಠ 5,000 ರೂಪಾಯಿಯ ಭರವಸೆ, ಶೇ. 6ರ ಬೆಲೆಯೇರಿಕೆಯಲ್ಲಿ ಇವತ್ತಿನ 500 ರೂಪಾಯಿಗೂ ಸಮವಲ್ಲ. ಕಾಪು, ಕಾರ್ಕಳದ ಕಡೆ ಜೀವಮಾನವಿಡೀ ಬೀಡಿ ಕಟ್ಟಿದ ಹೆಂಗಸರು ಪಿಎಫ್ ಪಿಂಚಣಿಯವರು. ಅವರಿಗೆ ತೆಗೆಯಲು ಗಂಟೇ ಇಲ್ಲ, ಶೇಕಡಾವಾರಿನ ಮಾತು ಅವರನ್ನು ಮುಟ್ಟುವುದೇ ಇಲ್ಲ. ಏರಬೇಕು ಎಂಬ ಮಾತು ಮುಟ್ಟುತ್ತದೆ. ಬೆಂಗನ್ ತಮ್ಮ 4ನ್ನು ಮತ್ತೆ ಮತ್ತೆ ಪರಿಶೀಲಿಸಿ 2025ರ ಪುಸ್ತಕದಲ್ಲಿ 4.7ಕ್ಕೆ ತಂದರು. ಪಿಎಫ್‌ನ ಕನಿಷ್ಠ ಪಿಂಚಣಿಯನ್ನು ತಿಂಗಳಿಗೆ 1,000 ರೂಪಾಯಿ ಎಂದು ನಿಗದಿ ಮಾಡಿದ್ದು 2014ರ ಸೆಪ್ಟೆಂಬರಿನಲ್ಲಿ; ಹತ್ತು ವರ್ಷ ಕಳೆದಾಗಲೂ ಅದು 1,000 ರೂಪಾಯಿಯೇ ಆಗಿತ್ತು.